ಬಾಗ್‌ಬಜಾರಿನ ಕುಂಟೆತ್ತು

ಜೂನ್ ತಿಂಗಳಲ್ಲಿ ಕೋಲ್ಕತ್ತದ ಮೂರ್ತಿಕಾರರ ಕೇರಿ ಕುಮಾರ್‌ಟುಲಿಯ ಗಲ್ಲಿಗಳಲ್ಲಿ ಎಲ್ಲಿ ನೋಡಿದರೂ ತಲೆಯಿಲ್ಲದ ದೇವರು. ಬಿದಿರಿನ ಹಂದರಕ್ಕೆ ಹುಲ್ಲು ಸುತ್ತಿ, ಸುತಳಿ ಬಿಗಿದು ನಿಲ್ಲಿಸಿದ ದುರ್ಗೆಯರಿಗೆ ಕೈಗಳಿರುತ್ತವೆ, ಬೆರಳುಗಳಿರುವುದಿಲ್ಲ. ಸಿಂಹಕ್ಕೆ ಮೈಯಿರುತ್ತದೆ, ಮುಖವಿರುವುದಿಲ್ಲ. ನಾವಿರುವ ಬಾಗ್‌ಬಜಾರಿನಿಂದ ಅದು ನಡೆದು ಹೋಗುವಷ್ಟು ದೂರ. ಶಾಲೆಯಿಂದ ಬರುವಾಗ ಮಗಳು ಯಾವುದಾದರೊಂದು ಮಳಿಗೆಯ ಮುಂದೆ ನಿಂತೇ ನಿಲ್ಲುತ್ತಾಳೆ. ಹಾಗೆ ನಿಂತಿದ್ದಾಗಲೇ ಕೇಳಿದಳು: "ಅಮ್ಮಾ, ಅಜ್ಜನ ಊರಿನಲ್ಲಿ ಮಣ್ಣಿನಿಂದ ಏನು ಮಾಡುತ್ತಾರೆ?"

"ಎತ್ತು ಮಾಡುತ್ತಾರೆ" ಎಂದೆ.

"ದೇವರನ್ನು ಮಾಡುವುದಿಲ್ಲವೇ?"

"ಆ ದಿನ ಎತ್ತೇ ದೇವರು."

ಸ್ವಲ್ಪ ದೂರ ನಡೆದ ಮೇಲೆ ಮುಂದಿನ ಪ್ರಶ್ನೆ ಬಂತು: "ಮತ್ತೆ ನಮ್ಮ ಮನೆಯಲ್ಲಿ ಯಾಕೆ ಮಾಡುವುದಿಲ್ಲ?"

ನಿಜ ಹೇಳಬೇಕೆಂದರೆ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಯುಗಾದಿ ಮಾಡುತ್ತೇವೆ, ಪಂಚಮಿಗೆ ಉಂಡಿ ಕಟ್ಟುತ್ತೇವೆ, ಗಣಪತಿಯನ್ನಂತೂ ಬಿಡುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಮಾತ್ರ ನನ್ನ ತವರೂರು ಅಣ್ಣಿಗೇರಿಯಲ್ಲೇ ಉಳಿದುಬಿಟ್ಟಿತ್ತು. ಹೊಲವಿಲ್ಲದವರಿಗೆ ಎತ್ತೇಕೆ ಎಂಬ ಲೆಕ್ಕಾಚಾರ ಇದ್ದಿರಬಹುದು. ಮನೆಗೆ ಬಂದು ಅವ್ವ ಕಳಿಸಿದ ಕ್ಯಾಲೆಂಡರ್ ತಿರುವಿದರೆ ಅಮಾವಾಸ್ಯೆ ಅದೇ ವಾರದಲ್ಲಿತ್ತು.

ಅಡುಗೆಯ ಸಾಮಾನಿಗೆ ಕೊರತೆಯಿರಲಿಲ್ಲ. ಕಡಲೆಬೇಳೆ ಇಲ್ಲಿಯವರಿಗೂ ಬೇಕಾದದ್ದೇ. ಲುಚಿ ಎಂಬ ಮೈದಾ ಪೂರಿಯ ಜೊತೆ ತೆಂಗಿನ ಚೂರು ಹಾಕಿ ಮಾಡಿಕೊಂಡು ತಿನ್ನುತ್ತಾರೆ. ಕಬ್ಬಿನ ಬೆಲ್ಲ ಸಿಗುತ್ತದೆ. ಗಸಗಸೆಯನ್ನು ನಾವು ಚಿಟಿಕೆಯಲ್ಲಿ ಅಳೆದರೆ ಇವರು ಅರೆದು ಆಲೂಗಡ್ಡೆಯ ಜೊತೆ ಪಲ್ಯವನ್ನೇ ಮಾಡುತ್ತಾರೆ. ಇಲ್ಲದೇ ಇದ್ದದ್ದು ಒಂದೇ, ಎರೆಮಣ್ಣು. ಅದೇ ಇಲ್ಲದ ಮೇಲೆ ಮಿಕ್ಕಿದ್ದೆಲ್ಲ ಇದ್ದರೂ ಏನು? ಊರಿನಲ್ಲಿ ಅದನ್ನು ಯಾರೂ ವಸ್ತುವೆಂದು ಎಣಿಸಿದವರಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತಿತ್ತು, ಮಳೆ ಬಿದ್ದ ಮೇಲೆ ಚಪ್ಪಲಿಯನ್ನು ಕಿತ್ತುಕೊಳ್ಳುತ್ತಿತ್ತು, ಮನೆಯೊಳಗೆ ತಂದರೆ ಅವ್ವನಿಂದ ಬೈಗುಳ ತಿನ್ನಿಸುತ್ತಿತ್ತು. ವರ್ಷಕ್ಕೊಮ್ಮೆ ಮಾತ್ರ ಕೆರೆಯ ದಂಡೆಯಿಂದ ಬುಟ್ಟಿ ತುಂಬಿ ತಂದರೆ ಯಾರೂ ಬೈಯುತ್ತಿರಲಿಲ್ಲ. ಅವ್ವ ಕಲ್ಲು, ಬೇರು ಆರಿಸಿ, ಹಿಂಜಿದ ಹತ್ತಿ ಬೆರೆಸಿ, ಒನಕೆಯಿಂದ ಕುಟ್ಟುತ್ತಿದ್ದಳು. ಕುಟ್ಟಿದಷ್ಟೂ ಅದು ಎಣ್ಣೆ ಸವರಿದಂತೆ ಮಿನುಗುತ್ತಿತ್ತು.

ಒಂದು ಮುದ್ದೆ ಕಳಿಸಬಹುದೇ ಎಂದು ಫೋನಿನಲ್ಲಿ ಕೇಳಿದೆ. "ಮಣ್ಣನ್ನು ಯಾರಾದರೂ ಟಪಾಲಿಗೆ ಹಾಕುತ್ತಾರೆಯೇ?" ಎಂದು ಅವ್ವ ನಕ್ಕಳು. ಮಗಳು ತನ್ನ ಆಟದ ಬಣ್ಣದ ಜೇಡಿಯಿಂದ ಒಂದು ಗುಲಾಬಿ ಎತ್ತು ಮಾಡಿ ತಂದಳು. ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಸ್ಟ್ರಾಬೆರಿಯ ವಾಸನೆ. ಅದಕ್ಕೆ ಕೈ ಮುಗಿಯಲು ನನಗೆ ಮನಸ್ಸು ಬರಲಿಲ್ಲ.

ಈ ವಿಷಯ ಎದುರು ಮನೆಯ ಮಾಸಿಮಾ ಅವರಿಗೆ ಹೇಗೆ ತಿಳಿಯಿತೋ, ಮಗಳೇ ಹೇಳಿರಬೇಕು. ಅವರನ್ನು ಅವಳು ದಿದಾ, ಎಂದರೆ ಅಜ್ಜಿ, ಎಂದು ಕರೆಯುತ್ತಾಳೆ, ಇಬ್ಬರ ನಡುವೆ ಗುಟ್ಟು ಎಂಬುದೇ ಇಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಮಾಸಿಮಾ ಒದ್ದೆ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮೊಣಕಾಲು ನೋವಿನವರು, ನಮ್ಮ ಮಹಡಿಗೆ ಲಿಫ್ಟ್ ಕೂಡ ಇಲ್ಲ. ಪ್ರತಿ ವರ್ಷ ಅವರ ಮನೆಗೆ ಸರಸ್ವತಿಯನ್ನು ಮಾಡಿಕೊಡುವವರ ಮಳಿಗೆಗೆ ಬೆಳಗಾಗುವ ಮೊದಲೇ ಹೋಗಿ ತಂದಿದ್ದರು. ಅದು ಎಂಟೆಲ್ ಮಾಟಿ, ದೇವಿಯ ಮೈಗೆ ಮೆತ್ತುವ ಅಂಟುಮಣ್ಣು. ದೋಣಿಗಳಲ್ಲಿ ಗಂಗೆಯ ಮೇಲೆ ಬಂದು ಕುಮಾರ್‌ಟುಲಿಯ ಘಾಟಿನಲ್ಲಿ ಇಳಿಯುವ ಮಣ್ಣು. ಹಣದ ಮಾತೆತ್ತಿದರೆ ಅವರಿಗೆ ಸಿಟ್ಟೇ ಬಂತು. ಹುಲ್ಲಿನ ಮೇಲೆ ಹಚ್ಚುವ ಮೊದಲ ಪದರಕ್ಕೆ ಇಲ್ಲಿ ಭತ್ತದ ಹೊಟ್ಟು ಬೆರೆಸುತ್ತಾರಂತೆ, ಬಿರುಕು ಬಿಡದಿರಲೆಂದು. ನಾವು ಹತ್ತಿ ಹಾಕುತ್ತೇವೆ ಎಂದಾಗ ಮಾಸಿಮಾ ಮನೆಗೆ ಹೋಗಿ ಹಳೆಯ ದಿಂಬಿನಿಂದ ಒಂದು ಹಿಡಿ ಹತ್ತಿ ಕಿತ್ತು ತಂದರು.

ಬಣ್ಣ ಮಾತ್ರ ಬೂದು. ನನ್ನ ಕಣ್ಣಿಗೆ ಎತ್ತು ಎಂದರೆ ಕಪ್ಪು ಮಣ್ಣಿನದೇ.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ ಕುಳಿತೆವು. ಕಟ್ಟಡದ ಮಕ್ಕಳೆಲ್ಲ ಬಂದರು, ಒಬ್ಬ ಹುಡುಗ ನೆಂಟರ ಮನೆಯ ಇನ್ನಿಬ್ಬರನ್ನು ಎಳೆದು ತಂದ. ಮಾಡುವ ಬಗೆ ಬಹಳ ಸುಲಭ. ಮಾವಿನಕಾಯಿ ಗಾತ್ರದ ಮುದ್ದೆ ತೆಗೆದುಕೊಳ್ಳಬೇಕು. ಕಾಲುಗಳನ್ನು ಬೇರೆ ಮಾಡಿ ಅಂಟಿಸಬಾರದು, ಅದೇ ಮುದ್ದೆಯಿಂದ ಕೆಳಗೆ ಎಳೆದು ತರಬೇಕು. ಅಂಟಿಸಿದ ಕಾಲು ಒಣಗಿದ ಮೇಲೆ ಕಳಚಿ ಬೀಳುತ್ತದೆ. ಹೆಬ್ಬೆರಳಿನಿಂದ ಒತ್ತಿ ಇಣಿ, ಎಂದರೆ ಹೆಗಲ ಮೇಲಿನ ಡುಬ್ಬ, ಎಬ್ಬಿಸಬೇಕು. ಕೋಡಿಗೆ ತೆಂಗಿನ ಗರಿಯ ಕಡ್ಡಿ ಚುಚ್ಚಿ, ಅದರ ಮೇಲೆ ಮಣ್ಣು ಮೆತ್ತಿದರೆ ನಿಲ್ಲುತ್ತದೆ. ಅಂಟಿಸಲೇಬೇಕಾದ ಬಾಲ, ಕಿವಿಗಳಿಗೆ ನೀರಿನಲ್ಲಿ ಕಲಸಿದ ತೆಳು ಮಣ್ಣೇ ಗೋಂದು. ಕಣ್ಣಿಗೆ ಜೋಳದ ಕಾಳು. ಒಣಗಿಸುವುದು ನೆರಳಿನಲ್ಲಿ. ಊರಿನಲ್ಲಾದರೆ ಆ ದಿನಗಳ ಬೀಸುಗಾಳಿಗೆ ಒಂದೇ ರಾತ್ರಿಯಲ್ಲಿ ಗಟ್ಟಿಯಾಗುತ್ತಿದ್ದವು. ಇಲ್ಲಿಯ ಹವೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಮಳೆ ಹಿಡಿದರೆ ಕುಮಾರ್‌ಟುಲಿಯವರು ದೇವಿಯನ್ನು ಬೆಂಕಿಯ ದೀಪ ಹಿಡಿದು ಒಣಗಿಸುತ್ತಾರೆ. ನಾವು ಫ್ಯಾನಿನ ಕೆಳಗಿಟ್ಟು ಕಾದೆವು.

ನಮ್ಮ ಯಜಮಾನರು ಬ್ಯಾಡಗಿಯವರು, ಎತ್ತಿನ ವಿಷಯದಲ್ಲಿ ತಮಗೇ ಹೆಚ್ಚು ಗೊತ್ತು ಎಂಬ ನಂಬಿಕೆ. ಮೇವಿನ ಗೋದಲಿ ಮಾಡುವ ಕೆಲಸ ಒಪ್ಪಿಸಿ ಸುಮ್ಮನಾಗಿಸಿದೆ. ಮಕ್ಕಳ ಕೈಯಲ್ಲಿ ಆನೆ, ಬೆಕ್ಕು, ಒಂದು ಮೀನು ಹುಟ್ಟಿದವು. ಕೆಳಗಿನ ಮನೆಯ ಹುಡುಗ ಬಹಳ ಶ್ರದ್ಧೆಯಿಂದ ಹುಲಿ ಮಾಡಿದ. ಎತ್ತಿನ ಹಬ್ಬಕ್ಕೆ ಹುಲಿಯೇ! ಪೂಜೆಯ ಮಣೆಯಿಂದ ಅದನ್ನು ಪಕ್ಕಕ್ಕೆ ಸರಿಸಲು ಹೋದರೆ ಅವನ ತುಟಿ ನಡುಗತೊಡಗಿತು. ಮಾಸಿಮಾ ತೀರ್ಪು ಕೊಟ್ಟರು: ಶಿವನ ಮನೆಯಲ್ಲಿ ಅವನ ಎತ್ತೂ ದುರ್ಗೆಯ ಸಿಂಹವೂ ಹೊಂದಿಕೊಂಡಿಲ್ಲವೇ, ಹುಲಿಯೂ ಇರಲಿ. ಹಾಗಾಗಿ ನಮ್ಮ ಗೋದಲಿಯಲ್ಲಿ ಎತ್ತುಗಳ ಮೇವಿನ ಪಕ್ಕದಲ್ಲೇ ಹುಲಿಗೂ ಒಂದು ಪಾಲು ಬಂತು.

ಅಮಾವಾಸ್ಯೆಯ ದಿನ ಬೆಳಗಿನಿಂದ ಕರಿಗಡಬು. ಒಂದು ಲೋಟ ಬೇಳೆಗೆ ಒಂದು ಲೋಟ ಪುಡಿಬೆಲ್ಲ, ನಮ್ಮ ಮನೆಯ ಅಳತೆ ಅದೇ. ಬೇಳೆ ಬೆರಳಿಗೆ ಹಿಚುಕಿದರೆ ಮೆತ್ತಗಾಗಬೇಕು, ಆದರೆ ಕರಗಿ ಹೋಗಬಾರದು. ಕಟ್ಟು ಪೂರ್ತಿ ಬಸಿಯದಿದ್ದರೆ ಹೂರಣ ನೀರಾಗಿ ಕಡಬು ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಬೆಲ್ಲ ಹಾಕಿದ ಮೇಲೆ ಸೌಟು ನೆಟ್ಟಗೆ ನಿಲ್ಲುವವರೆಗೆ ಒಲೆಯ ಮೇಲಿರಬೇಕು. ಕಣಕಕ್ಕೆ ಗೋಧಿ ಹಿಟ್ಟಿನ ಜೊತೆ ಎರಡು ಚಮಚ ಚಿರೋಟಿ ರವೆ, ಒಂದು ಚಮಚ ಬಿಸಿ ಎಣ್ಣೆ. ಮಾಸಿಮಾ ಬಂದು ಪಕ್ಕದಲ್ಲಿ ಕುಳಿತರು. ಸಂಕ್ರಾಂತಿಗೆ ಅವರು ಮಾಡುವ ಪುಲಿ ಪಿಠೆಗೂ ಇದೇ ಆಕಾರ, ಒಳಗೆ ತೆಂಗಿನಕಾಯಿ. ನಾನು ಚಮಚದ ತುದಿಯಿಂದ ಅಂಚು ಒತ್ತುತ್ತಿದ್ದರೆ ಅವರು ಬೆರಳಿನಿಂದಲೇ ಮುರಿಗೆ ಹೆಣೆದು ನನ್ನ ಕಡಬುಗಳ ಮಾನ ಕಳೆದರು.

ಕಡಲೆಬೇಳೆ ತೊಳೆಯುವಾಗಲೇ ಮನಸ್ಸು ಊರಿಗೆ ಹೊರಟಿತ್ತು. 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ಕಡಲೆ ನಮ್ಮೂರಿನ ಹೆಸರನ್ನು ಎಲ್ಲೆಲ್ಲಿಗೋ ಕೊಂಡೊಯ್ದ ತಳಿ. ನಮ್ಮ ಹೊಲದಲ್ಲಿ ಹಿಂಗಾರಿಗೆ ಅದೇ, ಮುಂಗಾರಿಗೆ ಹೆಸರುಕಾಳು. ಕೂರಿಗೆ ಹೂಡುತ್ತಿದ್ದದ್ದು ಕೆಂಚ, ಹಂಡ. ಎಡಗೋಲಿಗೆ ಕೆಂಚ, ಬಲಗೋಲಿಗೆ ಹಂಡ. ಅದಲು ಬದಲಾದರೆ ಇಬ್ಬರೂ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಕೆಂಚನ ಒಂದು ಕೋಡು ಒಳಕ್ಕೆ ಬಾಗಿತ್ತು. ಮಣ್ಣೆತ್ತು ಮಾಡುವಾಗ ಅಪ್ಪ ಆ ಬಾಗನ್ನೂ ಬಿಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಕೊಟ್ಟಿಗೆಯ ಕಡೆ ನೋಡುತ್ತಾ ಕೋಡು ತಿರುವುತ್ತಿದ್ದ. ಬೇರೆ ಮನೆಗಳವರು ಕುಂಬಾರರಿಗೆ ಜೋಳ ಕೊಟ್ಟು ಎತ್ತು ತರುತ್ತಿದ್ದರು, ನಮ್ಮ ಮನೆಗೆ ಮಾತ್ರ ಅಪ್ಪನದೇ ಎತ್ತು ಆಗಬೇಕು. ಅವ್ವ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ದೊಡ್ಡ ಕೋಡುಬಳೆ, ಅಮಾವಾಸ್ಯೆಗೆ ಈ ಮಣ್ಣಿನವಕ್ಕೆ ಉಂಗುರದಷ್ಟು ಸಣ್ಣ ಕೋಡುಬಳೆ ಕರಿಯುತ್ತಿದ್ದಳು.

ಆ ಜೋಡಿಯನ್ನು ಮಾರಿದ ಸುದ್ದಿ ನನಗೆ ಅವ್ವನ ಫೋನಿನಲ್ಲಿ, ಉಪ್ಪಿನಕಾಯಿಯ ಮಾತಿನ ನಡುವೆ ಬಂತು. ಅಣ್ಣ ಪುಣೆಯಲ್ಲಿ, ನಾನು ಇಲ್ಲಿ, ಅಪ್ಪನ ಬೆನ್ನು ಕೈಕೊಟ್ಟಿತ್ತು. ಬಿತ್ತಲು ಬಾಡಿಗೆ ಟ್ರ್ಯಾಕ್ಟರ್ ಸಿಗುತ್ತದೆ. ಕೇಳಿದಾಗ ನನಗೆ ಆದದ್ದು ದುಃಖವಲ್ಲ, ಸಮಾಧಾನ. ಇನ್ನು ನಸುಕಿನಲ್ಲೆದ್ದು ಮೇವು ಹಾಕುವುದು ತಪ್ಪಿತು, ಊರಿಗೆ ಹೋದಾಗ ಅಪ್ಪ ನಮ್ಮ ಜೊತೆ ನಾಲ್ಕು ದಿನ ಎಲ್ಲಿಗಾದರೂ ಬರಬಹುದು ಎಂದೆಲ್ಲ ಯೋಚಿಸಿದ್ದೆ. ಅಪ್ಪ ಎಲ್ಲಿಗೂ ಬರಲಿಲ್ಲ. ಇಲ್ಲಿಂದ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಗದಗಕ್ಕೇ ಇಳಿಯಬಹುದು. ಆದರೂ ನಾವು ಹೋಗುವುದು ಮಗಳ ರಜೆ ನೋಡಿಕೊಂಡೇ ಹೊರತು ಹಬ್ಬ ನೋಡಿಕೊಂಡಲ್ಲ. ಹೋದಾಗ ಖಾಲಿ ಕೊಟ್ಟಿಗೆಯಲ್ಲಿ ನಮ್ಮ ಸೂಟ್‌ಕೇಸುಗಳನ್ನು ಇಡುತ್ತಾರೆ. ನಾನು ಒಮ್ಮೆಯೂ ಆ ಎತ್ತುಗಳ ಮಾತೆತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ.

ಅಮಾವಾಸ್ಯೆಯ ಮರುದಿನ ಊರಿನಲ್ಲಿ ಮಕ್ಕಳು ಒಂದು ಮಣ್ಣೆತ್ತಿನ ಕಾಲು ಮುರಿದು, ಆ ಕುಂಟೆತ್ತನ್ನು ಹಿಡಿದು ಮನೆಮನೆಗೆ ಜೋಳ ಬೇಡಲು ಹೋಗುತ್ತಾರೆ. ಪಾಡ್ಯದ ದಿನ ಮಗಳು ಒಂದು ಎತ್ತಿನ ಕಾಲು ಮುರಿಯಲು ಸುತರಾಂ ಒಪ್ಪಲಿಲ್ಲ. ಕೊನೆಗೆ ಫ್ಯಾನಿನ ಗಾಳಿಗೆ ತಾನಾಗಿಯೇ ಸೀಳಿದ್ದ ಒಂದನ್ನು ತಟ್ಟೆಯಲ್ಲಿಟ್ಟುಕೊಂಡು, ಎಂಟು ಎತ್ತಿನಲ್ಲಿ ಒಂದು ಕುಂಟೆತ್ತು ಬಂದಿದೆ, ಜೋಳ ನೀಡಿ ಎಂದು ಕನ್ನಡದಲ್ಲೇ ಕೂಗುತ್ತಾ ಮಹಡಿ ಇಳಿದಳು. ಹಿಂದೆ ಹುಲಿ ಹಿಡಿದ ಹುಡುಗ. ಜೋಳ ಯಾರ ಮನೆಯಲ್ಲಿರಬೇಕು? ಗೋವಿಂದಭೋಗ್ ಅಕ್ಕಿ ಬಂತು, ಮಂಡಕ್ಕಿ ಬಂತು, ಒಂದು ಮನೆಯಿಂದ ಸಂದೇಶ್ ಮಿಠಾಯಿ, ಇನ್ನೊಂದರಿಂದ ಬಿಸ್ಕತ್ತಿನ ಪೊಟ್ಟಣ. ಮಾಸಿಮಾ ಅಟ್ಟದಿಂದ ಮೂರು ಅಂತಸ್ತಿನ ಮರದ ಪುಟ್ಟ ರಥ ಇಳಿಸಿದ್ದರು. ಬಿದಿಗೆಗೆ ರಥಯಾತ್ರೆ, ಇಲ್ಲಿ ಮಕ್ಕಳೆಲ್ಲ ಬೀದಿಯಲ್ಲಿ ಇಂಥ ರಥ ಎಳೆಯುತ್ತಾರೆ. ಕುಮಾರ್‌ಟುಲಿಯಲ್ಲಿ ದುರ್ಗೆಯ ಹಂದರಕ್ಕೆ ಪೂಜೆಯಾಗುವುದೂ ಅಂದೇ. ಅದು ಅವರ ಮಗನ ಬಾಲ್ಯದ ರಥ. ಅವನು ಈಗ ಕೆನಡಾದಲ್ಲಿದ್ದಾನೆ. ಬಣ್ಣದ ಕಾಗದ ಕತ್ತರಿಸಿ ಅಂಟಿಸುತ್ತಾ, "ಎಳೆಯುವವರೇ ಇರಲಿಲ್ಲ" ಎಂದಷ್ಟೇ ಅಂದರು. ಮಗಳು ರಥದ ಮುಂದೆ ಎರಡು ಎತ್ತು ಕಟ್ಟಿದಳು. ಜಗನ್ನಾಥನಿಗೆ ಅಭ್ಯಂತರವಿರಲಿಕ್ಕಿಲ್ಲ.

ಅದನ್ನು ತೋರಿಸಲೆಂದೇ ಸಂಜೆ ಊರಿಗೆ ವಿಡಿಯೊ ಕರೆ ಮಾಡಿದೆವು. ಅಪ್ಪ ಕನ್ನಡಕ ಹಾಕಿಕೊಂಡು ಎತ್ತುಗಳನ್ನು ಸಂತೆಯಲ್ಲಿ ನೋಡುವಂತೆಯೇ ನೋಡಿದ. ಕಾಲು ದಪ್ಪ, ಇಣಿ ಸಾಲದು ಎಂದ. ಒಂದರ ಕೋಡಿನ ಹತ್ತಿರ ಬಂದಾಗ ಸುಮ್ಮನಾದ. ನಾನು ಮಾಡಿದ್ದು ಅದು. ಕೈ ತನ್ನಷ್ಟಕ್ಕೆ ಕೋಡನ್ನು ಒಳಕ್ಕೆ ಬಾಗಿಸಿತ್ತು.

"ಅಜ್ಜಾ, ನಿಮ್ಮ ನಿಜವಾದ ಎತ್ತು ಈಗ ಎಲ್ಲಿವೆ?" ಎಂದು ಮಗಳು ಕೇಳಿಬಿಟ್ಟಳು.

"ನಲವಡಿ ಕಡೆ ಇವೆ" ಎಂದ ಅಪ್ಪ, ಯಾರೋ ನಿನ್ನೆ ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳುವ ದನಿಯಲ್ಲಿ. "ಹಂಡ ಹೋದ. ಕೆಂಚ ಇದ್ದಾನೆ. ವಯಸ್ಸಾಯಿತು ಎಂದು ಅವರು ನೊಗಕ್ಕೆ ಕಟ್ಟುವುದನ್ನು ಬಿಟ್ಟಿದ್ದಾರೆ, ಒಳ್ಳೆಯ ಜನ. ಕಾರಹುಣ್ಣಿಮೆಗೆ ಹೋಗಿದ್ದೆ. ಗುರುತು ಹಿಡಿದ. ಕೋಡಿಗೆ ಬಣ್ಣ ಹಚ್ಚಿ, ಕೋಡುಬಳೆ ಕಟ್ಟಿ ಬಂದೆ."

"ಎಲ್ಲಿಗೆ ಹೋಗಿದ್ದೆ?" ಪರದೆಯಾಚೆಯಿಂದ ಅವ್ವನ ದನಿ. "ಹುಬ್ಬಳ್ಳಿಗೆ, ಬೆನ್ನು ತೋರಿಸಲು ಎಂದಿದ್ದೆಯಲ್ಲ! ಡಬ್ಬಿಯಲ್ಲಿ ಕೋಡುಬಳೆ ಕಡಿಮೆಯಾದದ್ದು ಹೀಗೋ? ನಾನು ಪಕ್ಕದ ಮನೆಯ ಹುಡುಗರನ್ನು ಸುಮ್ಮನೆ ಬೈದೆನಲ್ಲ!"

ಫೋನಿನ ಚಾರ್ಜು ಮುಗಿಯುತ್ತಿದೆ ಎಂದ ಅಪ್ಪ.