ಮ್ಯಾಥ್ಸ್ ಓದಿದವರನ್ನು ಸ್ಟ್ಯಾಟಿಸ್ಟಿಕ್ಸ್ ಪಿಎಚ್‌ಡಿಗೆ ತಗೋತಾರಾ?

ತಗೋತಾರೆ. ಇಷ್ಟು ಹೇಳಿ ಫೋನ್ ಇಟ್ಟರೆ ವಾರದೊಳಗೆ ಇನ್ನೊಬ್ಬರ ಫೋನ್ ಬರುತ್ತದೆ. ಎಂಎಸ್ಸಿ ಮ್ಯಾಥ್ಸ್ ಮುಗಿಸಿ ಅಮೆರಿಕದಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಿಎಚ್‌ಡಿಗೆ ಸೇರಿದ ತಪ್ಪಿಗೆ ನಾನೊಂದು ವಿಚಾರಣಾ ಕೇಂದ್ರವಾಗಿದ್ದೇನೆ. ಅದಕ್ಕೇ ಬರೆದಿಡುತ್ತಿದ್ದೇನೆ, ಇನ್ಮೇಲೆ ಲಿಂಕ್ ಕಳಿಸುತ್ತೇನೆ.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ತರಿಸುವುದು ಅದರ ಹಿಂದಿನ 'ಪಾಪ' ಎನ್ನುವ ದನಿ. ಹೋದ ಸಲ ಊರಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ದೂರದ ಸಂಬಂಧದ ಮಾವ ಮಗನನ್ನು ಎಳೆದುಕೊಂಡು ಬಂದರು. "ಇವಂದು ಮ್ಯಾಥ್ಸ್ ಕಣಪ್ಪಾ, ಸ್ಟ್ಯಾಟ್ಸ್‌ಗೆಲ್ಲ ಸೇರಿಸ್ಕೋತಾರಾ?" ಸಾರು ಎಲೆಯಿಂದಾಚೆ ಹರಿಯುತ್ತಿತ್ತು. ನಾನು ಒಂದು ಕೈಯಲ್ಲಿ ಅದನ್ನು ತಡೆಯುತ್ತಾ, ಮಾವ, ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿಯಲ್ಲಿ ಒಳ್ಳೆ ಮಾರ್ಕ್ಸ್ ಇದ್ದರೆ ಅಲ್ಲಿನವರು ಖುಷಿಯಿಂದಲೇ ನೋಡುತ್ತಾರೆ ಅಂದೆ. ನಂಬಲಿಲ್ಲ. ನಮ್ಮ ಹೂವಿನ ಹಡಗಲಿಯಲ್ಲೇ ಹುಟ್ಟಿದ, ಜಗತ್ಪ್ರಸಿದ್ಧ ಸ್ಟ್ಯಾಟಿಸ್ಟಿಷಿಯನ್ ಸಿ. ಆರ್. ರಾವ್ ಕೂಡ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಎಂಎ ಮಾಡಿಯೇ ಕಲ್ಕತ್ತಾಗೆ ಹೋಗಿ ಸ್ಟ್ಯಾಟಿಸ್ಟಿಕ್ಸ್ ಹಿಡಿದವರು, 1945ರಲ್ಲಿ ಅವರು ಬರೆದ ಪೇಪರಿನ ಫಲಿತಾಂಶಗಳನ್ನು ನಾವು ಮೊದಲ ವರ್ಷದಲ್ಲೇ ಓದುತ್ತೇವೆ ಅಂದೆ. "ಅವರ ಕಾಲ ಬೇರೆ ಬಿಡು" ಅಂದರು. ಪಾಯಸ ಬಂತು, ಬಚಾವಾದೆ.

ಹುಡುಗ ಮಾತ್ರ ಬಾಯೇ ಬಿಡಲಿಲ್ಲ. ಮ್ಯಾಥ್ಸಿಗೂ ಸ್ಟ್ಯಾಟ್ಸಿಗೂ ಏನು ವ್ಯತ್ಯಾಸ ಅಂತಲಾದರೂ ಅವನು ಕೇಳಬೇಕಿತ್ತು. ನಾಣ್ಯ ಸರಿಯಾಗಿದೆ, ಹೆಡ್ಡೂ ಟೇಲೂ ಬೀಳುವ ಸಾಧ್ಯತೆ ಸಮ ಅಂತ ಮೊದಲೇ ಹೇಳಿ, 10 ಸಲ ಚಿಮ್ಮಿದರೆ 7 ಅಥವಾ ಹೆಚ್ಚು ಹೆಡ್ ಬೀಳುವ ಸಾಧ್ಯತೆ ಕೇಳಿದರೆ ಅದು ಅವನಿಗೆ ಗೊತ್ತಿರುವ ಲೆಕ್ಕ: 1024ರಲ್ಲಿ 176, ಅಂದರೆ ಶೇ. 17ರ ಹತ್ತಿರ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ನಾಣ್ಯದ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. 7 ಹೆಡ್ ಬಿದ್ದಿದೆ, ಈಗ ಆ ನಾಣ್ಯವನ್ನು ನಂಬಬೇಕೋ ಬೇಡವೋ ನೀನೇ ಹೇಳು ಅನ್ನುತ್ತಾರೆ. ಈ ತಲೆನೋವು ಇಷ್ಟವಾದರೆ ಅರ್ಜಿ ಹಾಕು. ಜೊತೆಗೆ ಆರ್ ಅಥವಾ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಕಲಿ, ಒಂದು ನಿಜವಾದ ಡೇಟಾ ತಗೊಂಡು ಒದ್ದಾಡು. ಜಿಆರ್‌ಇ ಪ್ರವೇಶ ಪರೀಕ್ಷೆ ಬೇಕಾ ಬೇಡವಾ ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಆಯಾ ವಿಭಾಗದ ಪುಟದಲ್ಲೇ ಇರುತ್ತದೆ, ನನ್ನನ್ನು ಕೇಳಬೇಡಿ.

ಆದರೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಲೆಟರ್ ಯಾರ ಹತ್ತಿರ ಬರೆಸಲಿ? ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೇಳುತ್ತಾರೆ, ನಮ್ಮ ಕಡೆಯವರು ಮುಗ್ಗರಿಸುವುದು ಅಲ್ಲೇ. "ನೀನೇ ಬರ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ" ಅಂದ ಮೇಷ್ಟ್ರು ನನಗೂ ಸಿಕ್ಕಿದ್ದರು. "ವಿಧೇಯ, ಶ್ರದ್ಧಾವಂತ ವಿದ್ಯಾರ್ಥಿ" ಅಂತ ಇರುವ ಪತ್ರದಿಂದ ಏನೂ ಆಗುವುದಿಲ್ಲ. ಮೆಷರ್ ಥಿಯರಿ ಕ್ಲಾಸಲ್ಲಿ ಪುಸ್ತಕದ ಪ್ರೂಫ್ ಬಿಟ್ಟು ತಾನೇ ಇನ್ನೊಂದು ಕಟ್ಟಿಕೊಂಡು ಬಂದ ಅಂತ ಮೇಷ್ಟ್ರು ನೆನಪಿಟ್ಟು ಬರೆದರೆ, ಆ ಒಂದು ಸಾಲು ಕೆಲಸ ಮಾಡುತ್ತದೆ. ಅದಕ್ಕೆ ಅವರ ಕೈಕೆಳಗೆ ಏನಾದರೂ ಮಾಡಿರಬೇಕು, ಸುಮ್ನೆ ಹಿಂದಿನ ಬೆಂಚಲ್ಲಿ ಕೂತರೆ ಸಾಲದು. ಬಹಳಷ್ಟು ಕಡೆ ಕೊನೇ ದಿನಾಂಕ ಡಿಸೆಂಬರಲ್ಲೇ ಇರುತ್ತದೆ. ಮೇಷ್ಟ್ರನ್ನು ಆಗಸ್ಟಲ್ಲೇ ಹೋಗಿ ಕಾಣಿ, ದಸರಾ ರಜೆ ಬಂದರೆ ಕೈಗೆ ಸಿಗಲ್ಲ.