ಅಮ್ಮ ಮತ್ತು ಹೋಮ್‌ಲ್ಯಾಂಡರ್

ಇವತ್ತು ಮಧ್ಯಾಹ್ನ ಸುಮ್ನೆ ‘ದಿ ಬಾಯ್ಸ್’ ವೆಬ್ ಸರಣಿ ಮತ್ತೆ ಹಾಕಿಕೊಂಡು ಕೂತಿದ್ದೆ. 2019ರ ಮೊದಲ ಸೀಸನ್, ಅದೇ ವಿಮಾನದ ಎಪಿಸೋಡ್. ಅಮ್ಮ ಸೊಪ್ಪು ಸೋಸೋಕೆ ಅಂತ ಪಕ್ಕಕ್ಕೆ ಬಂದು ಕೂತಳು. ಸರಿಯಾಗಿ ಆಗಲೇ ಅದರಲ್ಲಿನ ಸೂಪರ್‌ಹೀರೋ ಹೋಮ್‌ಲ್ಯಾಂಡರ್ ಸಮುದ್ರದ ದಡದಲ್ಲಿ, ಚೂರುಚೂರಾದ ವಿಮಾನದ ನಡುವೆ ನಿಂತು, ಕ್ಯಾಮೆರಾಗಳ ಮುಂದೆ ಮಾತಾಡುತ್ತಿದ್ದ.

“ಪಾಪ, ಎಷ್ಟು ನೊಂದುಕೊಂಡಿದಾನೆ ನೋಡು” ಅಂದಳು.

ಸ್ವಲ್ಪ ಮುಂಚೆ ಬರಬೇಕಿತ್ತು ಅಮ್ಮ. ಆ ವಿಮಾನದ ಕಂಟ್ರೋಲ್ ಸುಟ್ಟಿದ್ದು ಇವನ ಕಣ್ಣಿನ ಲೇಸರ್. ಜೊತೆಗಿದ್ದ ಇನ್ನೊಬ್ಬ ಸೂಪರ್‌ಹೀರೋ ಮೇವ್ ಗೋಗರೆದರೂ ಒಂದು ಮಗುವನ್ನೂ ಇಳಿಸಿಕೊಂಡು ಬರಲಿಲ್ಲ, ಬದುಕಿ ಉಳಿದವರು ನಡೆದದ್ದು ಹೇಳಿಬಿಡ್ತಾರೆ ಅಂತ! ಈಗ ನೋಡಿದರೆ, ನಮ್ಮನ್ನೂ ಸೇನೆಗೆ ಸೇರಿಸಿಕೊಂಡಿದ್ದರೆ ಹೊತ್ತಿಗೆ ಸರಿಯಾಗಿ ಬರ್ತಿದ್ವಿ ಅನ್ನೋ ಭಾಷಣ.

ಇಷ್ಟೆಲ್ಲ ಗೊತ್ತಿದ್ದೂ ಆ ಪಾತ್ರ ಮಾಡಿರೋ ಆಂಟನಿ ಸ್ಟಾರ್ ಮುಖ ನೋಡ್ತಾ ನನಗೂ ಒಂದು ಕ್ಷಣ ಅಯ್ಯೋ ಅನ್ನಿಸಿತು, ಅದೇ ಜಾಸ್ತಿ ಕಿರಿಕಿರಿ. ಸುಳ್ಳು ಗೊತ್ತಿರೋರಿಗೂ ಅದು ನಾಟುತ್ತೆ ಅಂದ್ರೆ, ಆ ದಡದಲ್ಲಿ ನಿಂತು ಕೇಳಿದವರ ಕಥೆ ಏನು?

ಅಮ್ಮನಿಗೆ ಪೂರ್ತಿ ಕಥೆ ಹೇಳಿದೆ. ಒಂದು ಕಡ್ಡಿ ಕೈಯಲ್ಲಿ ಹಿಡಿದುಕೊಂಡೇ ಟಿವಿ ನೋಡಿದಳು.

“ಹೌದಾ? ಮುಖದಲ್ಲಿ ಎಷ್ಟು ಲಕ್ಷಣವಾಗಿದಾನಲ್ಲೋ.”