ಟವರ್ ಬಂದ ಮೇಲೆ ಹುಳ ಹೋದವಂತೆ

ಔಷಧಿ ಹೊಡೆಯುವ ಪಂಪ್ ರಿಪೇರಿ ಮಾಡುವುದು ನನ್ನ ಕೆಲಸ. ಬೆನ್ನಿಗೆ ಹಾಕಿಕೊಳ್ಳುವ ಕೈಪಂಪು, ಬ್ಯಾಟರಿ ಪಂಪು, ಪೆಟ್ರೋಲ್ ಎಂಜಿನ್ನಿನವು, ಎಲ್ಲವೂ ಬರುತ್ತವೆ. ತರುವವರು ಸುತ್ತಲಿನ ಹಳ್ಳಿಗಳ ರೈತರು. ವಾಷರ್ ಬದಲಾಯಿಸುವವರೆಗೆ ಅವರು ಸುಮ್ನೆ ಕೂರುವುದಿಲ್ಲ, ಮಾತಾಡುತ್ತಾರೆ. ಈಚೆಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಹುಳ ಕಡಿಮೆಯಾಗಿವೆ ಎಂಬ ಮಾತು.

ರಾತ್ರಿ ಬೈಕ್ ಓಡಿಸಿದರೆ ಮುಖಕ್ಕೆ ಹುಳ ಬಡಿಯುವುದಿಲ್ಲ ಅನ್ನುತ್ತಾರೆ. ಮಿಂಚುಹುಳ ತೋರಿಸೋಣವೆಂದರೆ ಮಕ್ಕಳಿಗೆ ತೋರಿಸಲು ಇಲ್ಲ ಅನ್ನುತ್ತಾರೆ. ಮೊದಲು ಸಗಣಿ ಬಿದ್ದ ಸ್ವಲ್ಪ ಹೊತ್ತಿಗೇ ಹುಳ ಬಂದು ಉಂಡೆ ಕಟ್ಟುತ್ತಿದ್ದವು, ಈಗ ಅದು ಬಿದ್ದಲ್ಲೇ ಒಣಗುತ್ತದೆ ಅನ್ನುತ್ತಾರೆ.

ಹುಳ ಸಾಯಿಸುವ ಪಂಪನ್ನೇ ರಿಪೇರಿಗೆ ತಂದು ಹುಳ ಎಲ್ಲಿ ಹೋದವು ಅಂತ ಕೇಳುವುದು ಓದುವವರಿಗೆ ತಮಾಷೆ ಅನ್ನಿಸಬಹುದು. ಆದರೆ ಅವರ ಮಾತು ಪೂರ್ತಿ ಕೇಳಬೇಕು. ಬೆಳೆ ತಿನ್ನುವ ಹುಳ ಕಡಿಮೆಯಾಗಿವೆ ಅಂತ ಒಬ್ಬರೂ ಹೇಳುವುದಿಲ್ಲ. ಅವು ಹಾಗೇ ಇವೆ, ಕೆಲವು ಜಾಸ್ತಿಯೇ ಆಗಿವೆ, ಹಳೆಯ ಔಷಧಿಗೆ ಬಗ್ಗುವುದೂ ಇಲ್ಲ. ಹೋದವು ಬೇರೆಯವು. ಯಾರ ಗೊಡವೆಗೂ ಹೋಗದೆ ತಮ್ಮ ಪಾಡಿಗೆ ತಾವಿದ್ದವು.

ಕಾರಣ ಕೇಳಿದರೆ ಮೊದಲು ಬರುವ ಉತ್ತರ ಮೊಬೈಲ್ ಟವರ್. ಎರಡನೆಯದು ಮಳೆ. ಮೊದಲಿನ ಹಾಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಬಂದರೆ ಒಂದೇ ಸಲ ಸುರಿಯುತ್ತದೆ. ಮೂರನೆಯದು ಪಕ್ಕದ ಹೊಲದವನು. ಅವನು ಸಿಕ್ಕಾಪಟ್ಟೆ ಹೊಡೆಯುತ್ತಾನೆ, ನಾನು ಬೇಕಾದಷ್ಟೇ ಹೊಡೆಯುತ್ತೇನೆ ಅನ್ನುತ್ತಾರೆ. ಆ ಪಕ್ಕದವನೂ ನನ್ನ ಹತ್ತಿರವೇ ಪಂಪ್ ತರುತ್ತಾನೆ. ಅವನು ಹೇಳುವುದೂ ಇದನ್ನೇ.

ಟವರಿನ ವಿಷಯವನ್ನು ಮೂಢನಂಬಿಕೆ ಅಂತ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಒಂದು ಸಲ ಹೀಗಾಯಿತು. ಒಬ್ಬ ಹಿರಿಯರು ಜೇನು ಸಾಕುವವರು. ಅವರ ಪಂಪಿನ ಟ್ರಿಗರ್ ಸೋರುತ್ತಿತ್ತು. ಅದನ್ನು ಬಿಚ್ಚುತ್ತಿದ್ದಾಗ ಅವರು ಹೇಳಿದರು: "ಪೆಟ್ಟಿಗೆ ಮುಂದೆ ಸತ್ತು ಬಿದ್ದಿದ್ರೆ ಔಷಧಿ ಅಂತ ನಾನೂ ಒಪ್ಕೋತಿದ್ದೆ ಕಣಪ್ಪ. ಒಂದೂ ಸತ್ತು ಬಿದ್ದಿಲ್ಲ. ಬೆಳಿಗ್ಗೆ ಹೋದವು ಸಾಯಂಕಾಲ ವಾಪಸ್ ಬರಲ್ಲ ಅಷ್ಟೇ. ದಾರಿ ತಪ್ತಿವೆ. ದಾರಿ ತಪ್ಸೋದು ಟವರ್ ಅಲ್ದೆ ಇನ್ನೇನು?"

ಅವರು ನೋಡಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. 2012ರಲ್ಲಿ ಫ್ರಾನ್ಸಿನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಜೇನುಹುಳಗಳ ಬೆನ್ನಿಗೆ ಪುಟ್ಟ ಎಲೆಕ್ಟ್ರಾನಿಕ್ ಚೀಟಿ ಅಂಟಿಸಿ, ಕೆಲವಕ್ಕೆ ಥಯಾಮೆಥೋಕ್ಸಾಮ್ ಅನ್ನುವ ಕೀಟನಾಶಕವನ್ನು ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಕುಡಿಸಿ, ಗೂಡಿನಿಂದ ದೂರ ಒಯ್ದು ಬಿಟ್ಟರು. ಔಷಧಿ ಕುಡಿದವುಗಳಲ್ಲಿ ಎಷ್ಟೋ ಹುಳ ಗೂಡಿಗೆ ವಾಪಸ್ ಬರಲೇ ಇಲ್ಲ. ಪೆಟ್ಟಿಗೆ ಮುಂದೆ ಹೆಣ ಬೀಳಲಿಲ್ಲ ಅಂದಮಾತ್ರಕ್ಕೆ ಔಷಧಿ ಕಾರಣವಲ್ಲ ಅಂತ ಹೇಳುವ ಹಾಗಿಲ್ಲ ಅಂತಾಯಿತು.

ಥಯಾಮೆಥೋಕ್ಸಾಮ್ ನಿಯೋನಿಕೋಟಿನಾಯ್ಡ್ ಅನ್ನುವ ಗುಂಪಿನದು. ಇದೇ ಗುಂಪಿನ ಇಮಿಡಾಕ್ಲೋಪ್ರಿಡ್ 1991ರಲ್ಲಿ ಮಾರುಕಟ್ಟೆಗೆ ಬಂತು. ನೋಡನೋಡುತ್ತ ಲೋಕದಲ್ಲೇ ಅತಿ ಹೆಚ್ಚು ಬಳಸುವ ಕೀಟನಾಶಕಗಳಲ್ಲಿ ಒಂದಾಯಿತು. ಮೊಬೈಲ್ ಟವರುಗಳು ಹಳ್ಳಿಗಳ ಕಡೆ ಬಂದದ್ದೂ ಇವುಗಳ ಬಳಕೆ ಹಬ್ಬುತ್ತಿದ್ದ ಕಾಲದಲ್ಲೇ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹಬ್ಬಿದವು. ಒಂದು ಊರಿಗೆಲ್ಲ ಕಾಣುವಷ್ಟು ಎತ್ತರ. ಇನ್ನೊಂದು ಬೀಜದ ಸಿಪ್ಪೆಯ ಮೇಲಿನ ಬಣ್ಣ. ಜನ ಯಾವುದನ್ನು ನೋಡುತ್ತಾರೆ?

ಆ ಬಣ್ಣದ ಬಗ್ಗೆ ಹೇಳಲೇಬೇಕು. ಉಪಚಾರ ಮಾಡಿದ, ಅಂದರೆ ಔಷಧಿ ಲೇಪಿಸಿದ ಬೀಜದ ಪ್ಯಾಕೆಟ್ ಒಡೆದರೆ ಗುಲಾಬಿಯೋ ನೀಲಿಯೋ ಹಸಿರೋ ಪುಡಿ ಬೆರಳಿಗೆ ಹತ್ತುತ್ತದೆ. ಇದು ತಿನ್ನುವ ಕಾಳಲ್ಲ ಅಂತ ಗೊತ್ತಾಗಲಿ ಎಂದೇ ಬಣ್ಣ ಹಾಕಿರುತ್ತಾರೆ. ಕೀಟನಾಶಕ ಹಚ್ಚಿದ್ದರೆ ಅದು ಆ ಲೇಪದಲ್ಲೇ ಇರುತ್ತದೆ. ಬೀಜ ಮೊಳೆತಾಗ ಬೇರಿನಿಂದ ಕಾಂಡಕ್ಕೆ, ಎಲೆಗೆ, ಕೊನೆಗೆ ಹೂವಿನ ಪರಾಗಕ್ಕೂ ಮಕರಂದಕ್ಕೂ ಏರುತ್ತದೆ. ಗಿಡ ಹೀರಿಕೊಳ್ಳುವುದು ಸ್ವಲ್ಪವೇ. ಬಹುಪಾಲು ಮಣ್ಣಲ್ಲೇ ಉಳಿಯುತ್ತದೆ, ನೀರಿನ ಜೊತೆ ಹರಿಯುತ್ತದೆ, ಬದುವಿನ ಕಾಡುಗಿಡಗಳ ಬೇರಿಗೂ ಸಿಗುತ್ತದೆ. "ಈ ಸಲ ಒಂದು ಹನಿ ಔಷಧಿ ಹೊಡೆದಿಲ್ಲ" ಅಂತ ರೈತ ಹೇಳಿದಾಗ ಅವನು ಸುಳ್ಳು ಹೇಳುತ್ತಿಲ್ಲ. ಅವನ ಪಂಪ್ ಒಣಗಿಯೇ ಇದೆ. ಔಷಧಿ ಬೀಜದ ಜೊತೆಗೇ ಹೊಲಕ್ಕೆ ಬಂದಿದೆ, ಅಷ್ಟೇ. ಯುರೋಪಿನ ಒಕ್ಕೂಟ 2018ರಲ್ಲಿ ಈ ಗುಂಪಿನ ಮೂರು ಔಷಧಿಗಳನ್ನು ಬಯಲಿನ ಬೆಳೆಗೆ ಬಳಸದಂತೆ ನಿಷೇಧ ಹಾಕಿದ್ದು ಜೇನಿನ ಕಾರಣಕ್ಕೇ.

ಹುಳ ನಿಜವಾಗಿ ಕಡಿಮೆಯಾಗಿವೆಯಾ, ಅಥವಾ ವಯಸ್ಸಾದವರ "ನಮ್ಮ ಕಾಲದಲ್ಲಿ" ಮಾತಾ ಅಂತ ನನಗೂ ಅನುಮಾನವಿತ್ತು. ಅದನ್ನು ಕಳೆದದ್ದು ಜರ್ಮನಿಯ ಕ್ರೆಫೆಲ್ಡ್ ಊರಿನ ಹವ್ಯಾಸಿಗಳ ಲೆಕ್ಕ. ಇವರು ಡೇರೆಯಂಥ ಬಲೆ ಕಟ್ಟುತ್ತಾರೆ. ಹಾರುವ ಹುಳ ಬಲೆಗೆ ತಾಗಿ ಮೇಲಕ್ಕೆ ಹತ್ತುತ್ತದೆ, ತುದಿಯಲ್ಲಿರುವ ಆಲ್ಕೋಹಾಲಿನ ಬಾಟಲಿಗೆ ಬೀಳುತ್ತದೆ. ಅದನ್ನು ಸೋಸಿ ತೂಗುತ್ತಾರೆ. 1989ರಿಂದ 2016ರವರೆಗೆ 63 ಜಾಗಗಳಲ್ಲಿ ಹೀಗೆ ತೂಗಿದ್ದಾರೆ. 2017ರಲ್ಲಿ ಲೆಕ್ಕ ಹೊರಬಿತ್ತು. ಹಾರುವ ಹುಳಗಳ ತೂಕ ಶೇ. 76ರಷ್ಟು ಇಳಿದಿತ್ತು. ಇವು ಹೊಲಗಳಲ್ಲ, ರಕ್ಷಿತ ಪ್ರದೇಶಗಳು. ಆದರೆ ಹೆಚ್ಚಿನವುಗಳ ಸುತ್ತ ಹೊಲಗಳೇ.

2020ರಲ್ಲಿ ಬಂದ ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಇಷ್ಟವಾಯಿತು. ಬೇರೆ ಬೇರೆ ಕಡೆಯ 166 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು. ನೆಲದ ಹುಳಗಳು ಹತ್ತು ವರ್ಷಕ್ಕೆ ಸುಮಾರು ಶೇ. 9ರಂತೆ ಕಡಿಮೆಯಾಗುತ್ತಿವೆ. ಸಿಹಿನೀರಿನಲ್ಲಿ ಬೆಳೆಯುವ ಹುಳಗಳು ಮಾತ್ರ ಹತ್ತು ವರ್ಷಕ್ಕೆ ಸುಮಾರು ಶೇ. 11ರಂತೆ ಹೆಚ್ಚುತ್ತಿವೆ! ಲೆಕ್ಕದ ಹೆಚ್ಚಿನ ಪಾಲು ಯುರೋಪ್ ಮತ್ತು ಉತ್ತರ ಅಮೆರಿಕದ್ದು. ಅಲ್ಲಿ ಹೊಲಸು ನೀರನ್ನು ಹೊಳೆಗೆ ಬಿಡದಂತೆ ಕಾನೂನು ತಂದದ್ದು ಇದಕ್ಕೆ ಕಾರಣವಿರಬಹುದು ಅಂತ ಸಂಶೋಧಕರ ಊಹೆ. ಟವರ್ ಕಾರಣ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಹೊಳೆ ದಂಡೆಗೂ ಸಿಗ್ನಲ್ ಬರುತ್ತದಲ್ಲ, ಅಲ್ಲಿ ಹೇಗೆ ಜಾಸ್ತಿಯಾದವು? ಜೇನಿನ ಹಿರಿಯರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ತಡೆಯುತ್ತೇನೋ" ಅಂದರು. ವಾದದಲ್ಲಿ ಅವರನ್ನು ಗೆಲ್ಲುವುದು ಕಷ್ಟ.

ಹಳ್ಳಿಯವರು ಹೇಳುವ ಕೆಲವು ಕಾರಣಗಳು ನೇರವಾಗಿ ಸರಿ ಇವೆ. ಬೀದಿ ದೀಪ ಬಂದ ಮೇಲೆ ಮಿಂಚುಹುಳ ಹೋದವು ಅನ್ನುತ್ತಾರೆ. ಅವು ಜೋಡಿ ಹುಡುಕುವುದೇ ಕತ್ತಲಲ್ಲಿ ಮಿನುಗಿ. ಬೆಳಕು ತುಂಬಿದ ಕಡೆ ಅದು ಕಾಣುವುದು ಹೇಗೆ? ಇಂಗ್ಲೆಂಡಿನಲ್ಲಿ ರಸ್ತೆ ಪಕ್ಕದ ಬೇಲಿಗಳಲ್ಲಿ ಪತಂಗದ ಕಂಬಳಿಹುಳ ಎಣಿಸಿದಾಗ, ದೀಪದ ಕೆಳಗೆ ಶೇ. 47ರಷ್ಟು ಕಡಿಮೆ ಸಿಕ್ಕವು. ಬಿಳಿ ಎಲ್‌ಇಡಿ ಬೆಳಕು ಹಳೆಯ ಹಳದಿ ದೀಪಕ್ಕಿಂತ ಕೆಟ್ಟದ್ದು ಅಂತಲೂ ಕಂಡಿತು. ಇದು 2021ರ ವರದಿ. ಸಗಣಿ ಹುಳದ ವಿಷಯಕ್ಕೆ ಬಂದರೆ, ದನಕ್ಕೆ ಕಚ್ಚಿದ ಉಣ್ಣಿ ಉದುರಲೆಂದು, ಜಂತು ಹೋಗಲೆಂದು ಕೊಡುವ ಐವರ್ಮೆಕ್ಟಿನ್ ಸೂಜಿಯನ್ನು ಯಾರೂ ಅನುಮಾನಿಸುವುದಿಲ್ಲ. 1981ರಿಂದ ಬಳಕೆಯಲ್ಲಿರುವ ಔಷಧಿ. ದನದ ಮೈಯಲ್ಲಿ ಕೆಲಸ ಮುಗಿಸಿ ಸಗಣಿಯಲ್ಲಿ ಹೊರಬರುತ್ತದೆ. ಆ ಸಗಣಿಯಲ್ಲಿ ಇಟ್ಟ ಮೊಟ್ಟೆಯಿಂದ ಬಂದ ಮರಿ ಬದುಕುವುದು ಕಷ್ಟ.

ಇನ್ನು ನನ್ನ ಬೆಂಚಿನ ಮಾತು. ಇದನ್ನು ಬರೆಯಲೆಂದೇ ಕೂತದ್ದು.

ಪಂಪಿನ ತುದಿಗೆ ಹಾಕುವ ನಾಜಲ್‌ನಲ್ಲಿ ಎರಡು ಬಗೆ ಮುಖ್ಯ. ಒಂದು ಕೋನ್ ನಾಜಲ್. ಸಣ್ಣ ಸಣ್ಣ ಹನಿಯಾಗಿ ಗುಂಡಗೆ ಹರಡುತ್ತದೆ, ಎಲೆಯ ಹಿಂದುಮುಂದು ನೆನೆಯುತ್ತದೆ. ಹುಳದ ಔಷಧಿಗೆ ಇದು. ಇನ್ನೊಂದು ಫ್ಲ್ಯಾಟ್ ನಾಜಲ್. ಅಗಲ ಪಟ್ಟಿಯಾಗಿ ನೆಲದ ಮೇಲೆ ಬೀಳುತ್ತದೆ. ಇದು ಹುಲ್ಲಿನ ಔಷಧಿಗೆ, ಅಂದರೆ ಕಳೆನಾಶಕಕ್ಕೆ. ನಾನು ಕೆಲಸ ಕಲಿಯುವಾಗ ಕೋನ್ ನಾಜಲ್ ಡಬ್ಬಿ ಖಾಲಿಯಾಗುತ್ತಿತ್ತು, ಫ್ಲ್ಯಾಟ್ ನಾಜಲ್ ಮೂಲೆಯಲ್ಲಿ ಧೂಳು ಹಿಡಿಯುತ್ತಿತ್ತು. ಈಗ ಉಲ್ಟಾ ಆಗಿದೆ. ಆಳು ಸಿಗುವುದಿಲ್ಲ, ಕಳೆ ಕೀಳುವವರಿಲ್ಲ. ಸಾಲಿನ ನಡುವೆಯೂ ಹೊಡೆಯುತ್ತಾರೆ, ಬದುವಿಗೂ ಹೊಡೆಯುತ್ತಾರೆ, ದಾರಿ ಪಕ್ಕಕ್ಕೂ ಹೊಡೆಯುತ್ತಾರೆ. ಮಿಕ್ಕಿದ್ದನ್ನು ಬೇಲಿ ಬುಡಕ್ಕೆ ಹೊಡೆದು ಪಂಪ್ ಖಾಲಿ ಮಾಡುತ್ತಾರೆ.

ಹುಳ ಹೋದದ್ದಕ್ಕೆ ಕಾರಣ ಹೇಳುವಾಗ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಅದು ಹುಲ್ಲಿಗೆ ಕಣಣ್ಣ, ಹುಳಕ್ಕೆ ಏನೂ ಮಾಡಲ್ಲ" ಅನ್ನುತ್ತಾರೆ. ಇದನ್ನು ಬೇರೆ ಥರ ನೋಡಿದವರು ಒಬ್ಬರೇ ಸಿಕ್ಕರು. ದನ ಕಟ್ಟಿಕೊಂಡ ಹೆಂಗಸು, ಪಂಪಿಗಲ್ಲ, ಕುಡುಗೋಲಿನ ಹಿಡಿ ಸಡಿಲವಾಗಿದೆ ಅಂತ ಬಂದಿದ್ದರು. ಹುಳದ ಚಿಂತೆ ಅವರಿಗಿರಲಿಲ್ಲ, ಹುಲ್ಲಿನದಿತ್ತು. ಹೊತ್ತು ಮುಳುಗುವ ತನಕ ಅಲೆದರೂ ಒಂದು ಹೊರೆ ಆಗುವುದಿಲ್ಲವಂತೆ. ಬದುವಿನ ಮೇಲೆ ಎಲ್ಲ ಸುಟ್ಟ ಹಾಗೆ ಕೆಂಪಗಾಗಿದೆಯಂತೆ. ಅಲ್ಲಿದ್ದ ಗಂಡಸರು ಚಿಟ್ಟೆ ಇಲ್ಲ, ದುಂಬಿ ಇಲ್ಲ ಅಂತ ಟವರಿಗೆ ಬೈಯುತ್ತಿದ್ದರು. ಇವರಿಗೆ ರೇಗಿತು. "ನನ್ನ ಹಸೂಗೇ ತಿನ್ನೋಕೆ ಹುಲ್ಲು ಉಳಿಸಿಲ್ಲ ನೀವು. ಹುಳ ಏನು ನಿಮ್ಮ ಮಣ್ಣು ತಿಂದು ಬದುಕ್ತವಾ?" ಅಂದು ಕುಡುಗೋಲು ತೆಗೆದುಕೊಂಡು ಹೋದರು. ದುಡ್ಡು ಕೊಡುವುದನ್ನೂ ಮರೆತರು.

ಅಮೆರಿಕದ ಮೊನಾರ್ಕ್ ಚಿಟ್ಟೆಯ ಕಥೆಯೂ ಇದೇ. ಅದರ ಕಂಬಳಿಹುಳ ತಿನ್ನುವುದು ಒಂದೇ ಬಗೆಯ ಕಳೆಯನ್ನು. ನಮ್ಮ ಎಕ್ಕದ ಬಳಗದ, ಮುರಿದರೆ ಹಾಲು ಬರುವ ಗಿಡ. 1996ರಿಂದ ಅಲ್ಲಿ ಗ್ಲೈಫೋಸೇಟ್ ಅನ್ನುವ ಕಳೆನಾಶಕವನ್ನು ತಡೆದುಕೊಳ್ಳುವ ಬೆಳೆಗಳು ಬಂದವು. ಬೆಳೆಯ ಮೇಲೇ ಕಳೆನಾಶಕ ಹೊಡೆಯಬಹುದಾಯಿತು. ಸಾಲುಗಳ ನಡುವಿನ ಆ ಗಿಡ ಹೋಯಿತು. ಚಳಿಗಾಲದಲ್ಲಿ ಈ ಚಿಟ್ಟೆಗಳು ಮೆಕ್ಸಿಕೋದ ಕಾಡಿಗೆ ಬಂದು ಮರ ಕಾಣದಷ್ಟು ಕೂರುತ್ತವೆ. ಹಾಗಾಗಿ ತಲೆ ಎಣಿಸದೆ, ಎಷ್ಟು ಕಾಡು ತುಂಬಿವೆ ಅಂತ ಅಳೆಯುತ್ತಾರೆ. 1996–97ರ ಚಳಿಗಾಲದಲ್ಲಿ ಸುಮಾರು 18 ಹೆಕ್ಟೇರ್ ತುಂಬಿದ್ದವು. 2013–14ರಲ್ಲಿ 0.67 ಹೆಕ್ಟೇರ್. ಕಾಡು ಕಡಿದದ್ದು, ಹವೆ ಕೆಟ್ಟದ್ದು, ಇವುಗಳ ಪಾಲೂ ಇದೆ. ಆದರೆ ಮರಿಗೆ ತಿನ್ನಲು ಎಲೆಯೇ ಇಲ್ಲದಿದ್ದರೆ ಉಳಿದದ್ದೆಲ್ಲ ಆಮೇಲಿನ ಮಾತು, ಅಲ್ವಾ?

ಅದಕ್ಕೇ ನನಗನ್ನಿಸುವುದು, ಜನ ವಿಷವನ್ನು ಹುಡುಕುತ್ತಾರೆ, ಹಸಿವನ್ನು ಹುಡುಕುವುದಿಲ್ಲ. ಟವರ್ ಆಗಲಿ ಔಷಧಿ ಆಗಲಿ, ಏನೋ ಒಂದು ಬಂದು ಹುಳವನ್ನು ಕೊಂದಿರಬೇಕು ಅಂತಲೇ ಎಲ್ಲರ ಯೋಚನೆ. ಬದು ಚೊಕ್ಕಟವಾಗಿದ್ದರೆ ಅಲ್ಲಿ ಯಾರೋ ಸತ್ತ ಹಾಗೆ ಕಾಣುವುದಿಲ್ಲ. ಒಳ್ಳೆ ಬೇಸಾಯಗಾರ ಅಂತ ಹೊಗಳುತ್ತಾರೆ.

ಪಂಪ್ ರಿಪೇರಿ ಮಾಡಲ್ಲ ಅಂತ ನಾನು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಕಳೆ ಕೀಳುವ ಕಷ್ಟ ನನಗೂ ಗೊತ್ತು. ಬದುವಿನ ಒಂದು ಕಡೆಯನ್ನಾದರೂ ಬಿಡಿ, ಹೂ ಬಿಟ್ಟಾಗ ಹುಳದ ಔಷಧಿ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ ಸಾಯಂಕಾಲ ಹೊಡೆಯಿರಿ ಅಂತ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಜೇನಿನ ಹಿರಿಯರು ತಮ್ಮ ಪೆಟ್ಟಿಗೆಗಳ ಸುತ್ತ ಹುಲ್ಲು ಬಿಟ್ಟಿದ್ದಾರೆ. ನನ್ನ ಮಾತಿಗಲ್ಲ, ಹುಲ್ಲು ಟವರಿನ ಕಿರಣ ಹೀರುತ್ತದೆ ಅಂತ. ಇರಲಿ, ಹುಲ್ಲು ಉಳಿಯಿತಲ್ಲ.

ಇನ್ನೊಂದು ಕೆಲಸ ನನ್ನ ಕೈಯಲ್ಲೇ ಇದೆ. ನಾಜಲ್ ಸವೆದರೆ ತೂತು ದೊಡ್ಡದಾಗುತ್ತದೆ. ಹೊಡೆಯುವವನಿಗೆ ಅದು ಗೊತ್ತಾಗುವುದಿಲ್ಲ, "ಈಗ ಚೆನ್ನಾಗಿ ಬೀಳ್ತಿದೆ" ಅಂತ ಖುಷಿಯಾಗುತ್ತದೆ. ಅದೇ ಹೊಲಕ್ಕೆ ಜಾಸ್ತಿ ಔಷಧಿ ಹೋಗುತ್ತಿರುತ್ತದೆ. ಪರೀಕ್ಷೆ ಸುಲಭ. ಪಂಪಿಗೆ ಬರೀ ನೀರು ತುಂಬಿ, ಅಳತೆ ಗೆರೆ ಇರುವ ಜಗ್ಗಿಗೆ ಒಂದು ನಿಮಿಷ ಬಿಡಬೇಕು. ಅದೇ ಒತ್ತಡದಲ್ಲಿ ಹೊಸ ನಾಜಲ್ ಹಾಕಿ ಇನ್ನೊಂದು ನಿಮಿಷ ಬಿಡಬೇಕು. ಹಳೆಯದು ಶೇ. 10ಕ್ಕಿಂತ ಜಾಸ್ತಿ ಸುರಿದರೆ ಬಿಸಾಡುವುದೇ ಸರಿ. ಮೊದಲು ಬಾಯಲ್ಲಿ ಹೇಳುತ್ತಿದ್ದೆ. "ನಿಂಗೆ ನಾಜಲ್ ಮಾರ್ಬೇಕು, ಅದಕ್ಕೆ ಹೇಳ್ತೀಯ" ಅನ್ನುತ್ತಿದ್ದರು. ಅದೂ ಪೂರ್ತಿ ಸುಳ್ಳಲ್ಲ. ಈಗ ಅವರ ಕೈಗೇ ಜಗ್ ಕೊಟ್ಟುಬಿಡುತ್ತೇನೆ. ನೀರಿನ ಮಟ್ಟಕ್ಕಿಂತ, ಆ ಹೆಚ್ಚುವರಿ ನೀರಿನಷ್ಟು ಔಷಧಿಗೆ ಎಷ್ಟು ದುಡ್ಡು ಕೊಟ್ಟಿದ್ದೇನೆ ಅನ್ನುವ ಲೆಕ್ಕ ಅವರಿಗೆ ಬೇಗ ತಲೆಗೆ ಹತ್ತುತ್ತದೆ.